ಭೋರಿನ ಬಿಸಿಲಲ್ಲಿ ಛತ್ರ ಹಿಡಿದವನು

ಏಪ್ರಿಲ್ ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ ಒಂದೂಕಾಲಿಗೆ ನಾನು ಭೋರ್ ಊರಾಚೆಯ ಮದುವೆ ಮೈದಾನದಲ್ಲಿ, ವೇದಿಕೆಯ ಎಡಕ್ಕೆ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಭೀಮರಾಯ ಬಿದ್ದ ಜಾಗ ಅಲ್ಲಿಂದ ಹದಿನೈದು ಹೆಜ್ಜೆ. ಆಮೇಲೆ ಅಳೆದು ನೋಡಿದೆ.

ಬೆಳಿಗ್ಗೆ ಆರಕ್ಕೆ ಪುಣೆಯ ಶಿವಾಜಿನಗರದಿಂದ ಬಸ್ಸಿನಲ್ಲಿ ಒಟ್ಟಿಗೇ ಹೊರಟಿದ್ದೆವು. ನಾನು ಭೋರಿನ ಹಳೆಯ ವಾಡೆ, ಅಲ್ಲಿನ ರಾಜರ ಅರಮನೆ, ನೋಡಲು. ನಮ್ಮ ಓಣಿಯ ಭೀಮರಾಯ, ಯಾದಗಿರಿ ಕಡೆಯ ಗಾರೆ ಕೆಲಸದವನು, ಮದುವೆಯೊಂದರಲ್ಲಿ ಕೂಲಿಗೆ ದರಬಾರಿನ ವೇಷ ಹಾಕಿ ಮದುಮಗನಿಗೆ ಕೊಡೆ ಹಿಡಿಯಲು. ಕಾತ್ರಜ್ ಘಾಟು ದಾಟಿದ ಮೇಲೆ ಅವನು ಮಗಳ ಶಾಲೆಯ ಚೀಟಿ ತೆಗೆದ. ‘ಛತ್ರಪತಿ’ ಎಂಬ ಬಿರುದಿನ ಅರ್ಥ, ಮೂಲ ಎರಡನ್ನೂ ಇಂಗ್ಲಿಷಿನಲ್ಲಿ ಬರೆದು ತರಬೇಕಿತ್ತು.

“ನೀವು ಆಫೀಸಿನ ಮಂದಿ, ಬರದು ಕೊಡ್ರಿ ಸರ.”

ತೊಡೆಯ ಮೇಲಿಟ್ಟು ಬರೆದೆ. ಸಂಸ್ಕೃತದ ಮಾತು, ಛತ್ರ ಎಂದರೆ ಕೊಡೆ, ಪತಿ ಎಂದರೆ ಒಡೆಯ. ಯಾರ ತಲೆಯ ಮೇಲೆ ಬೆಳ್ಗೊಡೆ ಹಿಡಿಯುತ್ತಾರೋ ಅವನೇ ದೊರೆ. ‘ಲಾರ್ಡ್ ಆಫ್ ದಿ ಅಂಬ್ರೆಲಾ.’

“ಮತ್ತ ಹಿಡಿಯಾಂವಗ ಏನಂತಾರ್ರೀ?”

“ಛತ್ರಧಾರಿ.”

“ಅದನ್ನೂ ಇಂಗ್ಲಿಷಿನ್ಯಾಗ ಬರೀರಿ. ಅಪ್ಪ ಭಾಳ ದೊಡ್ಡ ಮನಷ್ಯಾ ಅಂತ ತಿಳೀಲಿ ಆಕಿಗೆ,” ಎಂದು ನಕ್ಕ.

ಭೋರಿನಲ್ಲಿ ಇಳಿದಾಗ ಎಂಟೂವರೆ. “ಊಟಕ್ಕ ಮದವಿಗೇ ಬರ್ರಿ, ಯಾರೂ ಕೇಳಂಗಿಲ್ಲ,” ಎಂದು ಹೋದ. ವಾಡೆ ನೋಡಿ ಹನ್ನೆರಡಕ್ಕೆ ಹೋದೆ. ಭೀಮರಾಯನಿಗೆ ಮಖಮಲ್ಲಿನ ನಿಲುವಂಗಿ, ಬಿಗಿದ ಪೇಟ, ಹಿತ್ತಾಳೆ ಕೋಲಿನ ಕೊಡೆ. ಮದುಮಗ ಆ ಕೊಡೆಯ ಕೆಳಗೆ ಬಾಗಿಲಿನಿಂದ ವೇದಿಕೆಯವರೆಗೆ ನಡೆದು ಬಂದ. ಡ್ರೋನ್ ತೆಗೆದ ಚಿತ್ರ ಸರಿಬರಲಿಲ್ಲವೆಂದು ಎಲ್ಲರನ್ನೂ ಹಿಂದಕ್ಕೆ ಕಳಿಸಿದರು. ಆ ಬಿಸಿಲಿನಲ್ಲಿ ಹೀಗೆ ಮೂರು ಸಲ. ಮೂರನೆಯ ಸಲ ಭೀಮರಾಯ ನೀರು ಕೇಳಿದ. “ನಂತರ್, ನಂತರ್,” ಎಂದ ಮದುವೆಯ ಏರ್ಪಾಡು ವಹಿಸಿಕೊಂಡಿದ್ದ ಕಂಪನಿಯ ಮ್ಯಾನೇಜರ್. ನಾನು ಲೋಟ ತುಂಬಿಕೊಂಡೆ. ಚಿತ್ರ ಕೆಡುತ್ತದೆಂದು ನಿಂತಲ್ಲೇ ನಿಂತೆ.

ನಾಲ್ಕನೆಯ ಸಲ ಅವನು ಬಿದ್ದ. “ಛತ್ರೀ ಧರಾ, ಛತ್ರೀ!” ಕೊಡೆ ಹಿಡೀರಿ ಎಂದು ಮರಾಠಿಯಲ್ಲಿ ಕೂಗಿ ಮ್ಯಾನೇಜರ್ ಮೊದಲು ಕೊಡೆಯನ್ನು ಎತ್ತಿಸಿದ.

ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಬೆಳಿಗ್ಗೆಯಿಂದಲೇ ಕುಡಿದಿದ್ದನೆಂದು ಮ್ಯಾನೇಜರ್ ಪೊಲೀಸರಿಗೆ ಬರೆಸಿದ. ಅದೇ ಮಾತು ನಿಂತರೆ ಸಾವಿಗೆ ಸತ್ತವನದೇ ತಪ್ಪು. ಅವನ ಹೆಂಡತಿ, ಮಗಳಿಗೆ ಯಾರೂ ಉತ್ತರ ಹೇಳಬೇಕಿಲ್ಲ. ಎಂಟೂವರೆಯವರೆಗೆ ಜೊತೆಗಿದ್ದೆ, ಅವನು ಚಹಾ ಬಿಟ್ಟು ಏನೂ ಕುಡಿದಿಲ್ಲ ಎಂದು ನಾನು ಸಹಿ ಹಾಕಿದೆ.

“ಎಂಟೂವರೆಯಿಂದ ಹನ್ನೆರಡು?” ಎಂದರು ಪೊಲೀಸರು. ಆ ಹೊತ್ತಿಗೆ ನಾನು ಸಾಕ್ಷಿಯಲ್ಲ.

ಸಂಜೆಯ ಬಸ್ಸಿಗೆ ಒಬ್ಬನೇ ಪುಣೆಗೆ ಮರಳಿದೆ.

ಆ ಹೊತ್ತು ಜೊತೆಗಿದ್ದವರು, ಬಿದ್ದದ್ದನ್ನು ಕಂಡವರು ಬದುಕಿದ್ದಾರೆ. ಚಾಮರ ಬೀಸುತ್ತಿದ್ದ ಶಹಾಪುರದ ಮಲ್ಲಪ್ಪ. ಅವನಿಗೆ ಮುಂದಿನ ಮದುವೆಯ ಕೆಲಸ ಬೇಕು, ಹೇಳಲಾರೆ ಎಂದ. ಡ್ರೋನ್ ಹಾರಿಸಿದಾತ, ಆ ಭಾಗ ಅಳಿಸಿದೆ ಎಂದ. ಮತ್ತು ಮದುಮಗ. ಅವನು ಆ ಕೊಡೆಯ ನೆರಳಿನಲ್ಲಿದ್ದ. ಎಲ್ಲರಿಗಿಂತ ಚೆನ್ನಾಗಿ ಕಂಡಿರಬೇಕು.