ಬೆಲ್ಲ ಮೊದಲೋ ಸದ್ದು ಮೊದಲೋ

ಅಣ್ಣ ಸುತ್ತಿಗೆ ಎತ್ತಿದ್ದನ್ನು ನಾನು ನೋಡಲಿಲ್ಲ. ಕುಲುಮೆಗೆ ಬೆನ್ನು ಮಾಡಿ ಜಗಲಿಯ ಮೇಲೆ ಕೂತು ಅತ್ತಿಗೆ ಕೊಟ್ಟ ರಾಗಿ ಅಂಬಲಿ ಕುಡಿಯುತ್ತಿದ್ದೆ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಸುತ್ತಿಗೆ ಬಿತ್ತು. ಆಮೇಲೆ ನನಗೆ ಗೊತ್ತಾದದ್ದು, ನಾನು ಕೊಟ್ಟಿಗೆಯ ಗೋದಲಿಯ ಕೆಳಗೆ ಮುದುರಿಕೊಂಡಿದ್ದೇನೆ, ಎದೆಯ ಮೇಲೆಲ್ಲ ಅಂಬಲಿ ಚೆಲ್ಲಿದೆ ಎಂಬುದು. ಹೆದರಿಕೆಯಾಗಿ ನಾನು ಓಡಿದೆ ಎಂದು ಎಲ್ಲರೂ ಹೇಳಿದರು. ಅದು ಸರಿಯಲ್ಲ. ಮೈ ಮೊದಲು ಓಡಿತು. ಹೆದರಿಕೆ ಗೋದಲಿಯ ಕೆಳಗೆ ಬಂದು ನನ್ನನ್ನು ಸೇರಿಕೊಂಡಿತು. ಈ ಕ್ರಮವನ್ನು ನಾನು ಬಹಳ ಸಲ ನೆನೆದು ನೋಡಿದ್ದೇನೆ. ಅದು ಹಾಗೆಯೇ ಆಯಿತು.

ಶ್ರೀರಂಗಪಟ್ಟಣದ ಕೋಟೆ ಬಿದ್ದ ಬೇಸಿಗೆ ಅದು. ಕೋಟೆಯೊಳಗಿನ ಕುಲುಮೆಯಲ್ಲಿ ಫಿರಂಗಿ ಗಾಡಿಗಳ ಚಕ್ರಕ್ಕೆ ಪಟ್ಟಿ ಹಾಕುವ ಕೆಲಸದಲ್ಲಿ ನಾನಿದ್ದೆ. ನಮ್ಮ ಪಕ್ಕದ ಗೋಡೆ ಒಡೆದಾಗಲೂ ಅಲ್ಲಿಯೇ ಇದ್ದೆ. ಆದರೆ ಗೋಡೆ ಒಡೆದದ್ದು ನನ್ನ ನೆನಪಿನಲ್ಲಿ ಇಲ್ಲ. ಅದಕ್ಕೆ ತುಸು ಮುಂಚೆ, ತಿದಿ ಒತ್ತುತ್ತಿದ್ದವನ ಕಿವಿಯ ಒಂಟಿಯ ಮೇಲೆ ಒಂದು ಇರುವೆ ಹರಿಯುತ್ತಿತ್ತು. ಆ ಇರುವೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ದೊಡ್ಡದನ್ನು ಬಿಟ್ಟು ಇಷ್ಟು ಚಿಕ್ಕದನ್ನು ಮನಸ್ಸು ಯಾಕೆ ಎತ್ತಿಟ್ಟುಕೊಂಡಿತೋ ನಾನು ಹೇಳಲಾರೆ. ಆಮೇಲೆ ಕಿರಂಗೂರು, ಹಿರೋಡೆ ದಾಟಿ, ನಡೆದೇ ದೇವಲಾಪುರಕ್ಕೆ ಅಣ್ಣನ ಮನೆಗೆ ಬಂದೆ.

ಮೊದಲ ಮಳೆ ಬಿದ್ದಿತ್ತು. ಕುಲುಮೆಯ ಮುಂದೆ ಮೊಂಡಾದ ನೇಗಿಲ ಗುಳಗಳು ರಾಶಿ ಬಿದ್ದಿದ್ದವು. ಗುಳ ಬಡಿಯಲು ಇಬ್ಬರು ಬೇಕು. ಒಬ್ಬ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿಯಬೇಕು, ಇನ್ನೊಬ್ಬ ಎರಡು ಕೈಯಲ್ಲಿ ಚಮ್ಮಟಿಗೆ ಎತ್ತಿ ಹೊಡೆಯಬೇಕು. ನಾನಿಲ್ಲದಾಗ ಊರಿನವರು ಯಾರಾದರೂ ಬಂದು ಹೊಡೆದುಕೊಡುತ್ತಿದ್ದರಂತೆ. ಉಳುಮೆಯ ಕಾಲದಲ್ಲಿ ಯಾರು ಬರುತ್ತಾರೆ? ಅಡಿಗಲ್ಲಿನ ಮುಂದೆ ನಿಲ್ಲಲಾರದೆ ಹೋದರೆ ನನಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅಣ್ಣ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು ಒಬ್ಬನೇ ಹೆಣಗುತ್ತಿದ್ದ. ನಾನು ಪ್ರತಿ ಏಟಿಗೂ ಗೋದಲಿ ಸೇರುತ್ತಿದ್ದೆ.

ಮೊದಲು ಬಂದವರು ನಾಗಮಂಗಲದ ವೈದ್ಯರು. ಅವರು ಕೋಟೆಯ ಮಾತನ್ನೇ ಎತ್ತಲಿಲ್ಲ. ನಾಡಿ ಹಿಡಿದರು, ನಿದ್ದೆ ಕೇಳಿದರು, ಹೊಟ್ಟೆ ಕೇಳಿದರು. "ಮೊದಲು ಮೈ ಒಂದು ಹದಕ್ಕೆ ಬರಲಿ, ಮಿಕ್ಕದ್ದು ಆಮೇಲೆ ನೋಡೋಣ" ಎಂದು ಎಣ್ಣೆ, ಹಾಲು, ತಲೆಗೆ ತಂಪು ಹೇಳಿ ಹೋದರು. ಅವರ ಮಾತು ಸರಿಯಾಗಿತ್ತು. ನಿದ್ದೆ ಬಂತು, ಊಟ ಸೇರಿತು. ಸುತ್ತಿಗೆಯ ಸದ್ದು ಮಾತ್ರ ಹಾಗೆಯೇ ಉಳಿಯಿತು.

ಆಮೇಲೆ ಬಂದವರು ಊರಿನ ಒಬ್ಬ ಗೌಡರು. ಸರ್ಕಾರದ ಫಿರಂಗಿ ಎತ್ತುಗಳನ್ನು ಪಳಗಿಸಿ ವಯಸ್ಸು ಕಳೆದವರು. ಗುಳ ಬಡಿಸಲು ಬಂದು ನನ್ನನ್ನು ಕಂಡರು.

"ಏನ್ ಆಚಾರ್ರೇ, ತಮ್ಮಯ್ಯ ಗೋದ್ಲಿಗೋಗಿ ಕುಂತವ್ನೆ? ಉಲ್ಲೂ ಅಲ್ಲೇ ಆಕ್ತಿದ್ದೀರೋ?"

"ನಗ್ಬ್ಯಾಡಿ ಗೌಡ್ರೇ" ಎಂದ ಅಣ್ಣ.

"ನಾನ್ಯಾಕಯ್ಯಾ ನಗ್ಲಿ? ಪಿರಂಗಿ ಎಳೆಯೋ ಎತ್ತೂ ಮೊದ್ಲು ಇಂಗೇ ಮಾಡದು. ದೂರದಲ್ಲಿ ತಮಟೆ ಬಡೀಬೇಕು, ಉಳ್ಳಿ ತಿನ್ನುಸ್ಬೇಕು. ದಿನಾ ವಸಿ ವಸಿ ಅತ್ರ ಬರ್ಬೇಕು. ಕೊನ್ಗೆ ಕಿವಿ ಪಕ್ಕ ಪಿರಂಗಿ ಆರ್ಸುದ್ರೂ ಅದು ಉಳ್ಳೀಗೆ ಬಾಯಾಕ್ತದೆ ಕಣಯ್ಯ."

ಎತ್ತಿಗೆ ಹುರುಳಿಯಾದರೆ ತಮ್ಮನಿಗೆ ಬೆಲ್ಲ ಎಂದು ಅಣ್ಣ ತೀರ್ಮಾನಿಸಿದ. ಒಂದು ಕಬ್ಬಿಣದ ತುಂಡು, ಒಂದು ಸುತ್ತಿಗೆ ಹೊತ್ತು ಕೆರೆಯ ಏರಿಯ ತನಕ ಹೋಗಿ ಬಡಿಯುತ್ತಿದ್ದ. ಅತ್ತಿಗೆ ಬೆಲ್ಲ ಹಿಡಿದು ನನ್ನ ಪಕ್ಕ ಕೂರುತ್ತಿದ್ದಳು. ಹೊರಡುವ ಮುಂಚೆ ಅಣ್ಣ ಅವಳಿಗೆ ಹೇಳುತ್ತಿದ್ದ: "ಮೊದ್ಲೇ ಬಾಯಿಗಾಕಮ್ಮಿ, ಪಾಪ. ಬಾಯಿ ಸೀಯಾಗಿದ್ರೆ ಧೈರ್ಯ ಬತ್ತದೆ." ನಾನು ಬೆಲ್ಲ ತಿನ್ನುತ್ತಿದ್ದೆ. ದೂರದಿಂದ ಸದ್ದು ಬರುತ್ತಿತ್ತು. ದಿನದಿಂದ ದಿನಕ್ಕೆ ಅಣ್ಣ ಹತ್ತಿರ ಬಂದ.

ಒಂದು ಬೆಳಗ್ಗೆ ಕುಲುಮೆಗೆ ಬೆಂಕಿಯೇ ಹಾಕಿರಲಿಲ್ಲ. ಅಣ್ಣ ಹೊಲದ ಕಡೆ ಹೋಗಿದ್ದ. ಅತ್ತಿಗೆ ಒಳಗೆ ಪಾಯಸಕ್ಕೆ ಬೆಲ್ಲ ಕರಗಿಸುತ್ತಿದ್ದಳು. ವಾಸನೆ ಜಗಲಿಗೆ ಬಂತು. ನನ್ನ ಮೈ ಬೆವರಿತು, ಎರಡು ಕೈಯೂ ತಾವಾಗಿ ಕಿವಿ ಮುಚ್ಚಿಕೊಂಡವು. ಆ ದಿನ ಪಾಯಸವನ್ನು ಅವರಿಬ್ಬರೇ ತಿಂದರು.

ಗೌಡರಿಗೆ ಸುದ್ದಿ ಹೋಯಿತು. ಬಂದವರು ಕೆಮ್ಮು ಬರುವಷ್ಟು ನಕ್ಕರು. ಹಾಗೇ ನಗು ನಿಲ್ಲಿಸಿ, "ಬೆಲ್ಲ ಯಾವಾಗ ಕೊಟ್ರಿ?" ಎಂದರು.

"ಬಡ್ಯಕ್ಕೆ ಮುಂಚೆ" ಎಂದ ಅಣ್ಣ.

"ಅಯ್ಯೋ ಶಿವನೇ! ಸದ್ದು ಮೊದ್ಲು, ಉಳ್ಳಿ ಆಮ್ಯಾಕೆ ಕಣಯ್ಯ! ಸದ್ದಾಯ್ತು ಅಂದ್ರೆ ಉಳ್ಳಿ ಬತ್ತದೆ ಅಂತ ಎತ್ತು ಕಲೀಬೇಕು. ಬೆಲ್ಲ ಬಂತು ಅಂದ್ರೆ ಸದ್ದು ಬತ್ತದೆ ಅಂತ ನಿನ್ ತಮ್ಮ ಕಲ್ತವ್ನೆ. ಬೆಲ್ಲ ತಿನ್ನುಸ್ದೆ ಅನ್ಕಂಡಿದ್ದೀಯ. ನೀನು ತಿನ್ನುಸಿದ್ದು ಬೆಲ್ಲ ಅಲ್ಲ, ಎದ್ರಿಕೆ ಬತ್ತಾ ಅದೆ ಅನ್ನೋ ಸುದ್ದೀಯ."

ಇಷ್ಟು ವರ್ಷವಾದರೂ ಆ ಮಾತನ್ನು ನೆನೆದರೆ ನನಗೆ ಆಶ್ಚರ್ಯವಾಗುತ್ತದೆ. ಎತ್ತಿನ ಕಿವಿ, ಬಾಲ, ಮೂಗಿನ ಹೊಳ್ಳೆ ನೋಡುತ್ತ ನೋಡುತ್ತ ಆ ಮನುಷ್ಯ ಕಲಿಕೆ ಎಂಬುದರ ಮೂಲಕ್ಕೆ ಹೋಗಿ ಮುಟ್ಟಿದ್ದರು. ಅಣ್ಣನ ತಪ್ಪಿನಲ್ಲಿದ್ದದ್ದು ಮಮತೆಯೊಂದೇ. ಪ್ರೀತಿಸುವವರು ಸಮಾಧಾನವನ್ನು ಮುಂಗಡವಾಗಿ ಕೊಟ್ಟುಬಿಡುತ್ತಾರೆ.

ಕ್ರಮ ತಿರುಗಿಸಿದೆವು. ಸದ್ದು ಮೊದಲು, ಬೆಲ್ಲ ಆಮೇಲೆ. ಗುಣ ಕಂಡಿತು. ಏರಿಯ ಸದ್ದಿಗೆ, ಬೀದಿಯ ಕೊನೆಯ ಸದ್ದಿಗೆ ನಾನು ಕೂತೇ ಇರಬಲ್ಲವನಾದೆ. ಆದರೆ ಅಣ್ಣ ಅಂಗಳಕ್ಕೆ ಬಂದ ದಿನ ಮತ್ತೆ ಗೋದಲಿ ಸೇರಿದೆ. ಗೌಡರು ತಲೆ ಕೆರೆದುಕೊಂಡರು. "ಎತ್ತು ಸುಮ್ಕೆ ಮೇಯ್ತಾ ಇರ್ತದೆ. ಇವ್ನು ಈಗ ಬಡೀತಾರೆ, ಈಗ ಬಡೀತಾರೆ ಅಂತ ಕಾಯ್ತಾ ಕುಂತಿರ್ತಾನೆ. ಇದಕ್ಕೆ ನನ್ ತಾವ ಮದ್ದಿಲ್ಲ" ಎಂದರು. ತನ್ನ ವಿದ್ಯೆ ಎಲ್ಲಿ ಮುಗಿಯುತ್ತದೆ ಎಂದು ಅಷ್ಟು ಸರಾಗವಾಗಿ ಒಪ್ಪಿಕೊಂಡವರನ್ನು ನಾನು ಹೆಚ್ಚು ನೋಡಿಲ್ಲ.

ಮುಂದಿನದನ್ನು ಕಂಡವಳು ಅತ್ತಿಗೆ. ನಾನು ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದೆ. ಅವಳು ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಗೊತ್ತಿಲ್ಲ. ಒಳಗೆ ಹೋದಳು. ಇದ್ದಕ್ಕಿದ್ದಂತೆ ನನ್ನ ಬೆನ್ನ ಹಿಂದೆ ಹಿತ್ತಾಳೆ ಚೆಂಬು ಕಲ್ಲಿನ ಮೇಲೆ ಬಿತ್ತು. ನಾನು ಸೌದೆಯ ರಾಶಿಯೊಳಗೆ ಬಿದ್ದಿದ್ದೆ.

"ಏಳಪ್ಪ, ನಾನೇ ಬುಟ್ಟಿದ್ದು" ಎಂದು ಕೈ ಹಿಡಿದು ಎತ್ತಿ, ಅದೇ ಚೆಂಬನ್ನು ನನ್ನ ಕೈಗಿಟ್ಟಳು. "ಈಗ ನೀನೇ ಬುಡು."

ಬಿಟ್ಟೆ. ಏನೂ ಆಗಲಿಲ್ಲ. "ಇನ್ನೂ ಮ್ಯಾಲಿಂದ ಬುಡು" ಎಂದಳು. ಬಿಟ್ಟೆ. ಮೈ ಅಲುಗಲಿಲ್ಲ.

"ಅದೇ ಚೆಂಬು, ಅದೇ ಕಲ್ಲು. ಕೊಡ್ಲಿ ಸದ್ದೇನು ಕಮ್ಮಿಯಾ? ಅದ್ಕೂ ನೀನು ಎದ್ರಲಿಲ್ಲ. ನಿನ್ ಕೈಯಿಂದ ಬರೋ ಸದ್ದು ನಿಂಗೆ ಮೊದ್ಲೇ ಗೊತ್ತಿರ್ತದೆ ಕಣಪ್ಪ."

ಸದ್ದು ಕೇಳಿ ಓಡಿ ಬಂದ ಅಣ್ಣ ಚೆಂಬು ಎತ್ತಿ ನೋಡಿದ. "ಅಪ್ಪನ ಕಾಲದ್ದು ಕಣಮ್ಮಿ! ಎಂಗೆ ನೆಗ್ಗೋಗದೆ ನೋಡು!"

"ನೆಗ್ಗು ತೆಗ್ಯಕ್ಕೆ ನೀವಿಲ್ವಾ? ಆಚಾರಿ ಅಂತ ತಾನೇ ಕೊಟ್ಟಿದ್ದು ನನ್ನ?" ಎಂದಳು ಅತ್ತಿಗೆ.

ಅಂದೇ ಚಮ್ಮಟಿಗೆ ನನ್ನ ಕೈಗೆ ಬಂತು. ಇಲ್ಲೊಂದು ತೊಡಕಿತ್ತು. ಇಕ್ಕಳ ಹಿಡಿದವನು ಎಡೆಬಿಡದೆ ಚಿಕ್ಕ ಸುತ್ತಿಗೆಯಿಂದ ತಟ್ಟಿ, ಏಟು ಎಲ್ಲಿ ಬೀಳಬೇಕೆಂದು ತೋರಿಸುತ್ತಾನೆ. ನಮ್ಮ ಕಸುಬಿನ ಮಾತೇ ಅದು. ಆ ತಟ್ಟುವಿಕೆ ಅಣ್ಣನದು, ನನ್ನದಲ್ಲ. ಅದಕ್ಕೆ ಅಣ್ಣ ಸುತ್ತಿಗೆ ಕೆಳಗಿಟ್ಟ. ನೀರಲ್ಲಿ ನೆನೆಸಿದ ಬಿದಿರ ಕಡ್ಡಿಯಿಂದ ಕಾದ ಕಬ್ಬಿಣ ಮುಟ್ಟಿ ತೋರಿಸಿದ. ಕಡ್ಡಿ ಚುರ್ ಎಂದು ಹೊಗೆಯಾಡುತ್ತಿತ್ತು. ನಾನು ಅಲ್ಲಿಗೆ ಹೊಡೆಯುತ್ತಿದ್ದೆ. "ಏನ್ ಆಚಾರ್ರೇ, ಮಗ್ಗಿ ಏಳ್ಕೊಡ್ತಿದ್ದೀರಾ?" ಎಂದು ಹೋಗುವವರು ಬರುವವರು ಆಡಿಕೊಂಡರು. ಅಣ್ಣ ಮುಂದಿನ ಗುಳ ಬೆಂಕಿಗಿಡುತ್ತಿದ್ದ. ರಾಶಿ ಕರಗತೊಡಗಿತು.

ಗೌಡರ ಗುಳ ಅಡಿಗಲ್ಲಿಗೆ ಬಂದ ದಿನ ಮೋಡ ಕವಿದಿತ್ತು. ಅವಸರವಿತ್ತು. ಅಣ್ಣ ಮೈಮರೆತು, ಹಳೆಯ ಅಭ್ಯಾಸದಲ್ಲಿ ಚಿಕ್ಕ ಸುತ್ತಿಗೆ ಎತ್ತಿ ತಟ್ಟಿಬಿಟ್ಟ. ನನ್ನ ಚಮ್ಮಟಿಗೆ ಆಗಲೇ ತಲೆಯ ಮೇಲಿತ್ತು. ಕೈ ಅದನ್ನು ಇಳಿಸಿತು. ಏಟು ಒಂದು ಬೆರಳಷ್ಟು ಪಕ್ಕಕ್ಕೆ ಬಿದ್ದು ಗುಳದ ಮೂತಿ ಸೊಟ್ಟಗಾಯಿತು.

ಅಣ್ಣನ ಮುಖ ಬಿಳಿಚಿತು. "ಎದ್ರುದ್ಯೇನ್ಲಾ?"

"ಊಂ, ಎದ್ರುದೆ."

"ಮತ್ತೆ ಓಡ್ಲಿಲ್ವಲ್ಲೋ?"

"ಕಬ್ಬಿಣ ಆರೋಗ್ತಿತ್ತಲ್ಲಣ್ಣ."

ಗೌಡರು ಬಗ್ಗಿ ಸೊಟ್ಟ ಗುಳ ನೋಡಿ, "ಸಾಲು ಒಂದ್ ವಸಿ ಎಡಕ್ಕೋಗ್ಬೋದು, ಓಗ್ಲಿ ಬುಡಿ" ಎಂದರು. ಅಣ್ಣ ಒಪ್ಪಲಿಲ್ಲ. ಗುಳವನ್ನು ಮತ್ತೆ ಬೆಂಕಿಗಿಟ್ಟ, ನಾನು ತಿದಿ ಒತ್ತಿದೆ.