ವಾಕಿಂಗ್ ಅಂದರೆ ಏನ್ರಿ?

ವಾಕಿಂಗ್ ಎಂದರೆ ಏನು ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಎರಡು ತಿಂಗಳಿಂದ ಊರಿಗೆಲ್ಲ ಅದನ್ನೇ ವಿವರಿಸಿ ಗಂಟಲು ಒಣಗಿದೆ.

ಶಹಾಪುರದ ಡಾಕ್ಟರರ ಪ್ರಕಾರ ಅದರ ಅರ್ಥ ಬಹಳ ಸರಳ: ಬೆಳಿಗ್ಗೆ ಎದ್ದು, ಎಲ್ಲಿಯೂ ನಿಲ್ಲದೆ, ಬಿರುಸಾಗಿ ನಡೆಯುವುದು. "ಶುಗರ್ ಇಳೀಲಿಲ್ಲಂದ್ರ ಮುಂದ ಸೂಜಿನೇ ನೋಡ್ರಿ, ದಿನಾ ಚುಚ್ಚಿಕೋಬೇಕಾಗ್ತದ" ಎಂದು ಹೆದರಿಸಿ ಕಳಿಸಿದರು. ಸೂಜಿ ಎಂದರೆ ನನಗೆ ಜೀವವೇ ಹೋಗುತ್ತದೆ. ತಾಲೂಕು ಕಚೇರಿಯಲ್ಲಿ ಕುರ್ಚಿ ಸವೆಸಿ ನಿವೃತ್ತನಾದ ನಾನು ಡಾಕ್ಟರರನ್ನು ಕಂಡ ಮರುದಿನವೇ ನಮ್ಮೂರು ಸಗರದ ಕೆನಾಲ್ ದಂಡೆಗೆ ಹೋದೆ.

ಅರ್ಥ ಕೆಟ್ಟಿದ್ದು ಅಲ್ಲಿಯೇ. ನಿಘಂಟಿನಲ್ಲಿ ಇದಕ್ಕೆ ವಾಯುವಿಹಾರ ಎಂಬ ಚಂದದ ಪದವಿದೆ. ವಿಹಾರ ಎಂದರೆ ರಾಜರು ಉಪವನದಲ್ಲಿ ಮಾಡುವಂಥದ್ದು. ಶುಗರ್ ಇರುವ ಗುಮಾಸ್ತನಿಗೆ ಹೊಂದುವುದಿಲ್ಲ. ತಿರುಗಾಟ ಎನ್ನೋಣವೆಂದರೆ ನಮ್ಮ ಕಡೆ ಅದು ಬೈಗುಳಕ್ಕೆ ಹತ್ತಿರ. ಕೆನಾಲ್ ಬರುವ ಮೊದಲು ಇಲ್ಲಿಯ ಜನ ನೀರಿಗೆ, ಕೂಲಿಗೆ ಹರದಾರಿಗಟ್ಟಲೆ ನಡೆದವರು. ಆ ನಡಿಗೆಗೆ ಯಾರೂ ಹೆಸರಿಟ್ಟಿರಲಿಲ್ಲ. ಈಗ ನೀರು ಬಂದು, ಮನೆಗೊಂದು ಮೋಟಾರ್ ಸೈಕಲ್ಲೂ ಬಂದ ಮೇಲೆ, ಕೆಲಸವಿಲ್ಲದೆ ನಡೆಯುವವನನ್ನು ಕಂಡರೆ ಅವರಿಗೆ, ಇಷ್ಟೊಂದು ನಡಿಗೆ ದಂಡವಾಗುತ್ತಿದೆಯಲ್ಲ ಎಂಬ ಸಂಕಟ.

ಎದುರು ಮನೆಯ ಮಲ್ಲಮ್ಮನಿಗಂತೂ ಸಹಿಸಲಾಗಲಿಲ್ಲ. "ಖಾಲಿ ಕೈಲೆ ಹೊಂಟೀರಲ್ರಿ ಕಾಕಾ! ಹೆಂಗೂ ಆ ಕಡೀನೇ ನಡೀತೀರಿ, ನಮ್ಮ ಮನಿಯವರಿಗಿ ಈ ಬುತ್ತಿ ಮುಟ್ಟಿಸಿ ಹೋಗ್ರಿ" ಎಂದು ರೊಟ್ಟಿಯ ಗಂಟು ಕೈಗಿಟ್ಟಳು. ನಸುಕಿನಲ್ಲೇ ಗದ್ದೆಗೆ ಹೋಗಿರುತ್ತಿದ್ದ ಅವಳ ಗಂಡ ಭೀಮಣ್ಣ ಬುತ್ತಿ ತಂದವನನ್ನು ಸುಮ್ಮನೆ ಬಿಡುತ್ತಾನೆಯೇ? ಬದುವಿನ ಮೇಲೆ ಕೂಡ್ರಿಸಿ, ತುಟಿಗೆ ತುಟಿ ಅಂಟುವಷ್ಟು ಸಕ್ಕರೆ ಸುರಿದ ಚಹಾ ಕುಡಿಸಿಯೇ ಕಳಿಸುತ್ತಿದ್ದ. ದಿನವೂ ಬುತ್ತಿ, ದಿನವೂ ಚಹಾ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಇನ್ನೂ ಮೇಲೇರಿ ಕೂತಿತ್ತು. ಡಾಕ್ಟರರು ಇನ್ನೊಂದೇ ಸಲ ಗಡುವು ಕೊಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಭೀಮಣ್ಣನ ಮುಂದೆ ನಿಂತು, ಇದು ನನ್ನ ಔಷಧ ಮಾರಾಯ, ನನಗೆ ಶುಗರ್ ಇದೆ, ನಡೆಯದಿದ್ದರೆ ಸೂಜಿ ಎಂದು ಬಿಡಿಸಿ ಹೇಳಿದೆ. ಅವನ ಮುಖ ಬಾಡಿತು. "ಎಂಥಾ ಮಾತ್ರಿ ಕಾಕಾ! ಬ್ಯಾನಿ ಇದ್ದವರಿಗಿ ನಡಸ್ತಾರೇನ್ರಿ? ಕೂಡ್ರಿ ಗಾಡಿ ಮ್ಯಾಲ" ಎಂದು ಹಿಂದೆ ಹತ್ತಿಸಿಕೊಂಡು ಮನೆ ಬಾಗಿಲಲ್ಲೇ ತಂದು ಇಳಿಸಿದ. ಸಂಜೆಯೊಳಗೆ ಸುದ್ದಿ ದಂಡೆಯುದ್ದಕ್ಕೂ ಹಬ್ಬಿತು. ಆಮೇಲೆ ನಾನು ನಾಲ್ಕು ಹೆಜ್ಜೆ ಇಡುವುದರೊಳಗೆ ಯಾವುದಾದರೂ ಗಾಡಿ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಇಷ್ಟು ಪ್ರೀತಿಯ ಜನರ ಕೈಯಲ್ಲಿ ಸಿಕ್ಕು ಸೂಜಿಯ ಪಾಲಾಗುವೆನಲ್ಲ ಎಂದು ಅಳುವೇ ಬಂತು.

ನಿನ್ನೆ ಹಿತ್ತಲಲ್ಲಿ ಬಿದ್ದಿದ್ದ ಸಲಿಕೆಯನ್ನು ಹೆಗಲ ಮೇಲಿಟ್ಟುಕೊಂಡು ಹೊರಟೆ. ಮಲ್ಲಮ್ಮ ಬುತ್ತಿ ಕೊಡಲಿಲ್ಲ. ಯಾರೂ ಗಾಡಿ ನಿಲ್ಲಿಸಲಿಲ್ಲ. ಅಂದು ತಡವಾಗಿ ಗದ್ದೆಗೆ ಹೊರಟು ದಂಡೆಯ ಮೇಲೆ ಹಿಂದಿನಿಂದ ಬಂದ ಭೀಮಣ್ಣ ಮಾತ್ರ ಗಾಡಿ ನಿಧಾನ ಮಾಡಿ ಸಲಿಕೆ ನೋಡಿದ.

"ಹೊಲಕ್ಕ ನೀರು ತಿರುವಾಕ ಹೊಂಟೀರೇನ್ರಿ ಕಾಕಾ? ಲಗೂ ಹೋಗ್ರಿ ಮತ್ತ, ನೀರು ಬಿಟ್ಟಾರ!" ಎಂದು ಕೂಗಿ ಮುಂದೆ ಹೋದ.

ನನಗೆ ಒಂದು ಗುಂಟೆ ಹೊಲವೂ ಇಲ್ಲ. ಅದು ಅವನಿಗೂ ಗೊತ್ತು. ಎಲ್ಲಿಯೂ ನಿಲ್ಲದೆ ಲಗೂ ಲಗೂ ನಡೆದೆ.