ಮರೆಪ್ಪನ ಸೈಕಲ್ಲು ಮತ್ತು ನಮ್ಮ ಹಿಂದಿನ ಗೇಟು

ಮರೆಪ್ಪ ನಮ್ಮ ಅಪಾರ್ಟ್‌ಮೆಂಟಿನ ಮಾಲಿ. ಇಲ್ಲಿರುವ ಇನ್ನೂರ ನಲವತ್ತು ಮನೆಯವರಿಗಿಂತ ಮುಂಚೆ ಈ ಜಾಗಕ್ಕೆ ಬಂದವನು ಅವನೇ. ದೇವದುರ್ಗದ ಕಡೆಯಿಂದ ಹೆಂಡತಿ ಶರಣಮ್ಮನ ಜೊತೆ ಗಾರೆ ಕೆಲಸಕ್ಕೆಂದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಕುಂದಲಹಳ್ಳಿಗೆ ಬಂದು, ಈ ಕಟ್ಟಡಕ್ಕೇ ಇಟ್ಟಿಗೆ ಹೊತ್ತು, ಕಟ್ಟಡ ಮುಗಿದ ಮೇಲೆ ಇಲ್ಲೇ ತೋಟದ ಕೆಲಸಕ್ಕೆ ನಿಂತುಬಿಟ್ಟ. ಯಾವ ಪೈಪು ಎಲ್ಲಿ ಹೂತಿದೆ ಎಂದು ಪ್ಲಂಬರ್ ಕೂಡ ನಕ್ಷೆ ಬಿಟ್ಟು ಅವನನ್ನೇ ಕೇಳುತ್ತಿದ್ದ.

ಅವನದೊಂದು ಹಳೆಯ ಕರಿ ಸೈಕಲ್. ಪಣತ್ತೂರಿನ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಆರೂವರೆಗೆಲ್ಲ ಅದರ ಮೇಲೆ ಬಂದಿಳಿಯುತ್ತಿದ್ದ. ಕಂಪನಿ ಬಸ್ಸು, ಕ್ಯಾಬು, ಸಿಮೆಂಟ್ ಲಾರಿಗಳ ನಡುವೆ ಹನ್ನೊಂದು ವರ್ಷ ಹಾಗೆ ಬಂದು ಹೋದವನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಕಾರಿನವನ ಕಣ್ಣು ನೋಡಿ ತುಳಿಯಬೇಕು, ಅವನು ಫೋನ್ ನೋಡುತ್ತಿದ್ದರೆ ಇಳಿದು ನಿಂತುಬಿಡಬೇಕು ಎನ್ನುತ್ತಿದ್ದ. ಅದೇ ಅವನ ಟ್ರಾಫಿಕ್ ಶಾಸ್ತ್ರ.

ಇನ್ನು ನಾನು, ಪಂಚಾಕ್ಷರಿ, ರಾಣೆಬೆನ್ನೂರಿನವನು. ಮೂವತ್ತೊಂದು ವರ್ಷ ಸರ್ಕಾರದ ರಸ್ತೆ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ನಿವಾಸಿಗಳ ಸಂಘದ ಕಾರ್ಯದರ್ಶಿ. ಯಾರಿಗೂ ಬೇಡದ ಆ ಕೆಲಸ ಬಿಡುವಿದ್ದ ಮುದುಕನ ಕೊರಳಿಗೆ ಬಿತ್ತು. ಇಲ್ಲಿ ನಾನು ಒಳ್ಳೆಯವನೆಂದು ತೋರಿಸಿಕೊಳ್ಳುವ ಆಸೆಯಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಆ ನೋಟಿಸಿಗೆ ರುಜು ಹಾಕಿದವನು ನಾನೇ.

ಸಿಬ್ಬಂದಿಯ ಸೈಕಲ್ಲುಗಳಿಗೆ ಮುಂದಿನ ಗೇಟಿನಲ್ಲಿ ಪ್ರವೇಶವಿಲ್ಲ, ಹಿಂದಿನ ಗೇಟನ್ನು ಬಳಸತಕ್ಕದ್ದು. ಇಷ್ಟೇ ನೋಟಿಸು. ಗ್ರಾನೈಟ್ ಹಾಸಿ ಕಾರಂಜಿ ಕೂರಿಸಿದ ಮೇಲೆ ಅಲ್ಲಿ ತುಕ್ಕು ಹಿಡಿದ ಸೈಕಲ್ಲುಗಳು ಓಡಾಡುವುದು ಶೋಭೆಯಲ್ಲ ಎಂದು ಅಧ್ಯಕ್ಷ ವಿಶ್ವನಾಥ್ ಹೇಳಿದರು, ಉಳಿದವರು ತಲೆಯಾಡಿಸಿದರು. ನಡೆದು ಬರುವ ಕೆಲಸದವರಿಗೆ ತಡೆಯಿಲ್ಲ. ಅವರು ಕಾರ್ಡು ತೋರಿಸಿ ಮುಂದಿನಿಂದಲೇ ಬರಬಹುದು. ನಿಷೇಧ ಸೈಕಲ್ಲಿಗೆ ಮಾತ್ರ, ಅದೂ ಸಿಬ್ಬಂದಿಯ ಸೈಕಲ್ಲಿಗೆ. ವಿಶ್ವನಾಥರ ಸೈಕಲ್ ಭಾನುವಾರ ಭಾನುವಾರ ಕಾರಿನ ನೆತ್ತಿಯ ಮೇಲೆ ಮಲಗಿ ನಂದಿ ಬೆಟ್ಟದ ತಪ್ಪಲಿಗೆ ಹೋಗುತ್ತಿತ್ತು. ಅದಕ್ಕೆ ಸೆಕ್ಯುರಿಟಿಯವನು ಸೆಲ್ಯೂಟ್ ಹೊಡೆದು ಮುಂದಿನ ಗೇಟನ್ನೇ ತೆರೆಯುತ್ತಿದ್ದ.

ಮುಂದಿನ ಗೇಟು ಇರುವುದು ಹಳೇ ಊರಿನ ಸಣ್ಣ ರಸ್ತೆಗೆ, ಹಿಂದಿನದು ದೊಡ್ಡ ರಸ್ತೆಗೆ. ಅಲ್ಲಿ ನಡುವೆ ಡಿವೈಡರ್. ನಿಯಮದಂತೆ ಬರಬೇಕೆಂದರೆ ಒಂದೂವರೆ ಕಿಲೋಮೀಟರ್ ಮುಂದೆ ಹೋಗಿ ಯೂ-ಟರ್ನ್ ಹೊಡೆದು ಬರಬೇಕು. ಸೈಕಲ್ ತುಳಿಯುವವರು ಯಾರೂ ಆ ಸುತ್ತು ಹಾಕುವುದಿಲ್ಲ. ನಮ್ಮ ಕಾಂಪೌಂಡಿಗೆ ಅಂಟಿಕೊಂಡು ನೂರು ಮಾರು ರಾಂಗ್ ಸೈಡಿನಲ್ಲಿ ಬಂದು ಒಳಗೆ ನುಗ್ಗುತ್ತಾರೆ. ಅದೇ ಗೇಟಿನಿಂದ ದಿನಕ್ಕೆ ಹದಿನಾಲ್ಕು ನೀರಿನ ಟ್ಯಾಂಕರು ಒಳಗೆ ಬಂದು ಹೊರಗೆ ಹೋಗುತ್ತವೆ. ಎತ್ತರದ ಕಾಂಪೌಂಡು, ಟ್ಯಾಂಕರಿನ ಮೂತಿ ಹೊರಗೆ ಬರುವ ತನಕ ಹೊರಗಿನವನಿಗೆ ಏನೂ ಕಾಣುವುದಿಲ್ಲ.

ಸೈಕಲ್ಲನ್ನು ಹೊರಗೇ ನಿಲ್ಲಿಸಿ ನಡೆದು ಬರಲೂ ಮರೆಪ್ಪ ನೋಡಿದ. ಎರಡು ದಿನ ಮುಂದಿನ ಗೇಟಿನಾಚೆ ಮರಕ್ಕೆ ಕಟ್ಟಿದ. ಅಲ್ಲೂ ಕಟ್ಟಬಾರದೆಂದು ಹೇಳಿಕಳಿಸಿದರು. ಆ ಮರ ನೆಟ್ಟವನು ಅವನೇ.

ಅವನು ನಮ್ಮ ಮನೆಗೆ ದಿನಾ ಬರಲು ಒಂದು ಕಾರಣವಿತ್ತು. ನನ್ನ ಹೆಂಡತಿ ಮಹಾಂತಮ್ಮನ ಲಿಂಗಪೂಜೆಗೆ ಪತ್ರೆ ಬೇಕು. ವೈಟ್‌ಫೀಲ್ಡಿನಲ್ಲಿ ಏನು ಬೇಕಾದರೂ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ, ತಾಜಾ ಬಿಲ್ವಪತ್ರೆಯೊಂದು ಬರುವುದಿಲ್ಲ. ಮರೆಪ್ಪನ ಮನೆ ಮಾಲೀಕರ ಹಿತ್ತಲಲ್ಲಿ ಒಂದು ಬಿಲ್ವದ ಮರ ಉಳಿದಿತ್ತು. ಅಲ್ಲಿಂದ ಕಿತ್ತು ತರುತ್ತಿದ್ದ.

ನೋಟಿಸು ಬಂದ ವಾರ ಪತ್ರೆ ಕೊಟ್ಟವನು ಹೊರಡದೆ ಬಾಗಿಲಲ್ಲೇ ನಿಂತ.

"ಸರ್, ಒಂದ್ ಮಾತು. ಸೈಕಲ್ ಮುಂದಿನ ಗೇಟಿನಾಗ ಬಿಡಿಸ್ರಿ. ಹತ್ತಂಗಿಲ್ಲ, ತಳ್ಕೊಂಡೇ ಬರ್ತೀನಿ. ನನಗ ರೋಡಿನ ಅಂಜಿಕಿ ಇಲ್ಲ. ಆ ಹಿಂದಿನ ಗೇಟಿನ ಮುಂದ ನೂರು ಮಾರು ಐತಲ್ರಿ, ಅಲ್ಲಿ ಮಾತ್ರ ಜೀವ ಕೈಯಾಗ ಹಿಡ್ಕೊಂಡ್ ಬರಬೇಕು."

ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ ಎಂದೆ. ಮೀಟಿಂಗಿನಲ್ಲಿ ನಾಯಿಗಳ ವಿಷಯಕ್ಕೇ ಒಂದೂವರೆ ಗಂಟೆ ಹೋಯಿತು. ಅದರ ಮುಂದಿನ ಮೀಟಿಂಗಿನಲ್ಲಿ ಕ್ಲಬ್ ಹೌಸಿನ ಬಣ್ಣ. ಸೈಕಲ್ಲಿನ ಮಾತು ನನ್ನ ಕಾಗದದಲ್ಲಿತ್ತು, ಬಾಯಿಗೆ ಬರಲಿಲ್ಲ. ವಿಶ್ವನಾಥ್ ಮುಖ ಸಿಂಡರಿಸಿಕೊಂಡರೆ ಸಂಜೆಯ ವಾಕಿಂಗಿನಲ್ಲಿ ನನಗೆ ಜೊತೆಯಿರುವುದಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಸಣ್ಣ ಕಾರಣ.

ಮನಸ್ಸು ಚುಚ್ಚುತ್ತಿದ್ದುದಕ್ಕೆ ಅವನಿಗೊಂದು ಹೆಲ್ಮೆಟ್ ಕೊಡಿಸಿದೆ. ಮೊಣಕಾಲು ನೋವಿಗೆ ತಲೆಗೆ ಎಣ್ಣೆ ಹಚ್ಚಿದ ಹಾಗೆ. ಮರೆಪ್ಪನಿಗೆ ಖುಷಿಯಾಯಿತು. ಅವನ ಬಳಿಯಿದ್ದ ವಸ್ತುಗಳಲ್ಲಿ ಹೊಚ್ಚ ಹೊಸದು ಅದೊಂದೇ. ಮರುದಿನದಿಂದ ಅದರಲ್ಲಿ ಪತ್ರೆ ತುಂಬಿ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬರತೊಡಗಿದ. ಚೀಲದಲ್ಲಿ ಗೊಬ್ಬರ, ಕತ್ತರಿ ಇರುತ್ತವೆ, ಪೂಜೆಯ ಪತ್ರೆಯನ್ನು ಅದರಲ್ಲಿ ಹೇಗೆ ತರಲಿ, ಇದಾದರೆ ತಲೆಯ ಮೇಲಿಡುವ ವಸ್ತು ಎಂದು ಮಹಾಂತಮ್ಮನಿಗೆ ಹೇಳಿದನಂತೆ. ಅವಳಿಗೂ ಅದು ಸರಿ ಕಂಡಿತು. ತಲೆಗೆ ಹಾಕಿಕೊಳ್ಳೋ ಎಂದು ನಾನು ಒಂದು ದಿನವೂ ಗದರಲಿಲ್ಲ. ಗೇಟಿನ ವಿಷಯ ಕೇಳಿಬಿಟ್ಟಾನೆಂದು ಅವನೆದುರು ಹೆಚ್ಚು ಹೊತ್ತು ನಿಲ್ಲುತ್ತಲೇ ಇರಲಿಲ್ಲ.

ಜುಲೈನಲ್ಲಿ ಸಂಘದಿಂದ ಸೈಕಲ್ ದಿನ ನಡೆಯಿತು. ಹಸಿರು ಟೀ ಶರ್ಟು, ಬಾಳೆಹಣ್ಣು, ಒಳಗಿನ ರಸ್ತೆಯಲ್ಲಿ ಹತ್ತು ಸುತ್ತು. ಬೆಂಗಳೂರಿನಲ್ಲಿ ಸೈಕಲ್ ಸುರಕ್ಷಿತವೇ ಎಂದು ವಿಶ್ವನಾಥ್ ಮೈಕಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ಮರೆಪ್ಪ ಪಕ್ಕದಲ್ಲೇ ಹೂಕುಂಡಗಳನ್ನು ಸರಿಸುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ. ಅಂದು ಮನೆಯಲ್ಲಿ ವಿಶೇಷ ಪೂಜೆ, ಪತ್ರೆ ಜಾಸ್ತಿ ಬೇಕೆಂದು ಮಹಾಂತಮ್ಮ ಹಿಂದಿನ ದಿನವೇ ಹೇಳಿದ್ದಳು. ಆರೂ ಮುಕ್ಕಾಲಿಗೆ ಸೆಕ್ಯುರಿಟಿಯವನು ಫೋನ್ ಮಾಡಿದ. ನಾನು ಲಿಫ್ಟಿಗೂ ಕಾಯದೆ ಹಿಂದಿನ ಗೇಟಿಗೆ ಓಡಿದೆ.

ನೀರು ಖಾಲಿ ಮಾಡಿದ ಟ್ಯಾಂಕರ್ ಹೊರಗೆ ಬಂದು ಎಡಕ್ಕೆ ತಿರುಗಿತ್ತು. ಅದರ ಮೂತಿ ಕಂಡ ಕೂಡಲೇ ಮರೆಪ್ಪ ತನ್ನ ಶಾಸ್ತ್ರದಂತೆ ಸೈಕಲ್ಲಿನಿಂದ ಇಳಿದು ಗೋಡೆಗೆ ಒತ್ತಿಕೊಂಡು ನಿಂತಿದ್ದಾನೆ. ಮುಂದಿನ ಚಕ್ರ ಅವನನ್ನು ಬಿಟ್ಟು ಹೋಗಿದೆ. ಉದ್ದನೆಯ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಸರಿದು ಬರುತ್ತದೆ. ಇದು ಮರೆಪ್ಪನಿಗೆ ಗೊತ್ತಿರಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷ ನಾನು ತಿರುವುಗಳನ್ನು ಅಳೆದದ್ದೇ ಅದಕ್ಕೆ. ಆ ಗೇಟನ್ನು ದಿನಾ ನೋಡುತ್ತಿದ್ದ ನನಗೆ ಅಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿಲ್ಲವೆಂದು ಗೊತ್ತಿತ್ತು.

ಹೆಲ್ಮೆಟ್ ದೂರದಲ್ಲಿ ಅಂಗಾತ ಬಿದ್ದಿತ್ತು. ಒಂದು ಗೀರೂ ಇರಲಿಲ್ಲ. ಪತ್ರೆ ಅರ್ಧ ಅದರೊಳಗೆ, ಅರ್ಧ ರಸ್ತೆಯ ಮೇಲೆ. ಮರೆಪ್ಪನಿಗೆ ಎಚ್ಚರವಿತ್ತು. ಚಕ್ರ ಹರಿದ ಬಲಗಾಲನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆಸ್ಪತ್ರೆಯಲ್ಲಿ ಅಂದೇ ಮಧ್ಯಾಹ್ನ ಮೊಣಕಾಲಿನ ಮೇಲಿನಿಂದ ಕತ್ತರಿಸಿದರು. ಶರಣಮ್ಮ ಅಳಲಿಲ್ಲ. ಯಾವ ಗೇಟಿನಲ್ಲಿ ಆಯಿತು ಎಂದು ಮಾತ್ರ ನನ್ನನ್ನು ಕೇಳಿದಳು.

ಆ ಸಂಜೆ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಎಂಟು ಜನ ಒಂದೇ ಮಾತು ಬರೆದರು: ರಾಂಗ್ ಸೈಡಿನಲ್ಲಿ ಬಂದಿದ್ದಾನೆ, ಹೆಲ್ಮೆಟ್ ಬೇರೆ ಹಾಕಿರಲಿಲ್ಲ. ನಾನು ಉತ್ತರಕ್ಕೆ ಫೋನ್ ಎತ್ತಿಕೊಂಡೆ. ಮೊಣಕಾಲಿಗೆ ಹೆಲ್ಮೆಟ್ ಕಟ್ಟಿಕೊಳ್ಳಬೇಕಿತ್ತೇ ಎಂದು ಬರೆದು, ಕಳಿಸದೆ ಅಳಿಸಿದೆ. ಮೀಟಿಂಗಿನಲ್ಲಿ ಬಾರದ ಧೈರ್ಯ ಫೋನಿನಲ್ಲೂ ಬರಲಿಲ್ಲ.

ಹತ್ತು ದಿನಕ್ಕೆ ತುರ್ತು ಸಭೆ ಕರೆದೆ. ಆಗ ಮಾತಾಡಿದೆ. ಎರಡೇ ನಿಮಿಷ ಸಾಕಾಯಿತು. ಸಿಬ್ಬಂದಿಯ ಸೈಕಲ್ಲುಗಳನ್ನು ಮುಂದಿನ ಗೇಟಿನಲ್ಲಿ ಬಿಡುವುದಕ್ಕೆ ಎಲ್ಲರೂ ಒಪ್ಪಿದರು. ಒಪ್ಪುವುದಿಲ್ಲ ಎಂದು ಯಾಕೆ ಅಂದುಕೊಂಡಿದ್ದೆನೋ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಕಥೆ ಕೇಳಿದ್ದೆ. ನಾವು ತೆರೆದೆವು, ವ್ಯತ್ಯಾಸ ಅಷ್ಟೇ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಬಾಲ್ಕನಿಯಿಂದ ನೋಡುತ್ತೇನೆ, ಮುಂದಿನ ಗೇಟಿನಲ್ಲಿ ಮರೆಪ್ಪ ಬರುತ್ತಿದ್ದಾನೆ. ಎರಡೂ ಕಂಕುಳಲ್ಲಿ ಊರುಗೋಲು, ಪ್ಯಾಂಟಿನ ಒಂದು ಕಾಲು ಮಡಚಿ ಪಿನ್ನು ಹಾಕಿದೆ. ಹಿಂದೆ ಶರಣಮ್ಮ, ಅವಳ ಕೈಯಲ್ಲಿ ಆ ಹೆಲ್ಮೆಟ್ಟು, ಹೆಲ್ಮೆಟ್ಟಿನ ತುಂಬ ಪತ್ರೆ. ಕೆಳಗೆ ಹೋದೆ. ಅವನು ಕೇಳಿದ್ದ ಆ ವಿಷಯ ಮೀಟಿಂಗಿನಲ್ಲಿ ಪಾಸಾಯಿತು, ಇನ್ನು ಮೇಲೆ ಸೈಕಲ್ಲಿಗೂ ಮುಂದಿನ ಗೇಟೇ ಎಂದೆ.

ಮರೆಪ್ಪ ಗ್ರಾನೈಟಿನ ಮೇಲೆ ಊರುಗೋಲು ಜಾರದಂತೆ ನೋಡಿಕೊಂಡು ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನನಗಿನ್ನ ಅದು ಬ್ಯಾಡ್ರಿ ಸರ್. ನಡ್ಕೊಂಡ್ ಬರೋರಿಗೆ ಮೊದಲಿಂದಾನೂ ಈ ಗೇಟೈತಲ್ರಿ."

ಪತ್ರೆಯನ್ನು ಶರಣಮ್ಮ ನನ್ನ ಕೈಗೆ ಸುರಿದಳು. ಹೆಲ್ಮೆಟ್ಟನ್ನು ಸೆಕ್ಯುರಿಟಿಯವನ ಮೇಜಿನ ಮೇಲಿಟ್ಟು, ನನ್ನತ್ತ ನೋಡಿ, ಇದು ನಿಮ್ಮದು ಎಂದಳು.